ಸಿಗರೇಟು ಬಿಟ್ಟು ವೇಪ್ ಹಿಡಿದರೆ ದುಡ್ಡು ಉಳಿಯುತ್ತದೆಯೇ? ಬಳ್ಳಾರಿಯಲ್ಲಿ ಕೂತು ಹಾಕಿದ ಲೆಕ್ಕ

ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿರುವ, ಗಂಗಾವತಿ ಕಡೆಯ ಪರಿಚಿತರೊಬ್ಬರು ಈಚೆಗೆ ತಮ್ಮ ಲೆಕ್ಕದ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟರು. ಬಟ್ಟೆಯ ಮೀಟರು, ಹುಡುಗರ ಪೀಸ್ ಲೆಕ್ಕ ಬರೆಯುವ ಪುಸ್ತಕವದು. ಅದರ ಕೊನೆಯ ಹಾಳೆಯಲ್ಲಿ ದಿನಕ್ಕೆ ಹತ್ತು ಸಿಗರೇಟು, ಒಂದಕ್ಕೆ 20 ರೂಪಾಯಿ, ತಿಂಗಳಿಗೆ 6,000 ರೂಪಾಯಿ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ‘ಸರ್, ತಿಂಗಳಿಗೆ ಆರು ಸಾವಿರ ಬರೇ ಹೊಗಿ ಆಗಿ ಹೋಗಾಕತ್ತೈತಿ. ವೇಪ್ ತಗೊಂಡ್ರ ಅರ್ಧಾ ಉಳೀತೈತಿ ಅಂತ ನಮ್ಮ ಹುಡುಗ್ರು ಹೇಳ್ತಾರ, ಖರೇನ್ರಿ?’ ಎಂಬುದು ಅವರ ಪ್ರಶ್ನೆ. ವೇಪ್ ಎಂದರೆ ನಿಕೋಟಿನ್ ದ್ರಾವಣವನ್ನು ಬ್ಯಾಟರಿಯಿಂದ ಕಾಯಿಸಿ ಆವಿಯಾಗಿ ಎಳೆಯುವ ಇ-ಸಿಗರೇಟು.

ಈ ಪ್ರಶ್ನೆ ಅವರೊಬ್ಬರದ್ದಲ್ಲ. 2026ರ ಫೆಬ್ರುವರಿ 1ರಿಂದ ಸಿಗರೇಟಿನ ಮೇಲಿನ ಜಿಎಸ್‌ಟಿ ಶೇ 40ಕ್ಕೆ ಏರಿ, ಅದರ ಮೇಲೆ ಸಿಗರೇಟಿನ ಉದ್ದಕ್ಕೆ ತಕ್ಕಂತೆ ಅಬಕಾರಿ ಸುಂಕವೂ ಬಿದ್ದ ಮೇಲೆ, ದಿನಗೂಲಿ ಮತ್ತು ತಿಂಗಳ ಸಂಬಳದ ನಡುವೆ ಬದುಕುವ ಸಾವಿರಾರು ಮಂದಿ ತಮ್ಮ ಚಟದ ಬೆಲೆಯನ್ನು ಮೊದಲ ಸಲ ಕಾಗದದ ಮೇಲೆ ಬರೆದು ನೋಡುತ್ತಿದ್ದಾರೆ. ತೆರಿಗೆ ಏರಿಸುವುದರ ಉದ್ದೇಶವೂ ಅದೇ. ಆದರೆ ಹಾಗೆ ಲೆಕ್ಕ ಹಾಕಿದವನ ಮುಂದೆ ಇರುವ ದಾರಿಗಳು ಯಾವುವು, ಅವುಗಳಲ್ಲಿ ಯಾವುದು ನಿಜವಾಗಿಯೂ ಅಗ್ಗ ಎಂಬುದನ್ನು ಅವನಿಗೆ ಯಾರೂ ಕೂರಿಸಿಕೊಂಡು ಹೇಳುತ್ತಿಲ್ಲ. ಆ ಜಾಗವನ್ನು ಮೊಬೈಲಿನಲ್ಲಿ ಬರುವ ವೇಪ್ ಮಾರಾಟಗಾರರು ತುಂಬುತ್ತಿದ್ದಾರೆ.

ವೇಪ್ ಅಗ್ಗ ಎಂಬ ಮಾತು ಪೂರಾ ಸುಳ್ಳಲ್ಲ ಎಂದು ಮೊದಲೇ ಒಪ್ಪಿಕೊಳ್ಳಬೇಕು. ಅದು ಬ್ರಿಟನ್ನಿನಂಥ ದೇಶದಲ್ಲಿ ನಿಜ. ಅಲ್ಲಿ 20 ಸಿಗರೇಟಿನ ಒಂದು ಪ್ಯಾಕಿಗೆ 14 ಪೌಂಡ್ ಮೀರಿದ ಬೆಲೆಯಿದ್ದು, ಅದರ ಬಹುಪಾಲು ತೆರಿಗೆಯೇ ಆಗಿರುತ್ತದೆ. ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ವೇಪ್ ಸಾಧನವನ್ನು ಒಮ್ಮೆ ಕೊಂಡರೆ, ಆಮೇಲೆ ಕೆಲವೇ ಪೌಂಡಿಗೆ ಸಿಗುವ 10 ಮಿಲಿಲೀಟರಿನ ದ್ರಾವಣದ ಬಾಟಲಿ ಮತ್ತು ಆಗೊಮ್ಮೆ ಈಗೊಮ್ಮೆ ಬದಲಿಸುವ ಕಾಯಿಲ್ (ದ್ರಾವಣ ಕಾಯಿಸುವ ತಂತಿಯ ಸುರುಳಿ) ಇಷ್ಟೇ ಖರ್ಚು. ಅಂದರೆ ಅಲ್ಲಿ ಉಳಿಯುವ ಹಣ ಬರುವುದು ಯಂತ್ರದ ಗುಣದಿಂದಲ್ಲ, ಸಿಗರೇಟಿನ ಮೇಲೆ ಹೊರೆ ತೆರಿಗೆಯಿದ್ದು ದ್ರಾವಣದ ಮೇಲೆ ಇಲ್ಲದಿರುವ ಅಂತರದಿಂದ. ಆ ಅಂತರವೂ ಶಾಶ್ವತವಲ್ಲ. 2026ರ ಅಕ್ಟೋಬರ್ 1ರಿಂದ ಪ್ರತಿ 10 ಮಿಲಿಲೀಟರಿಗೆ 2.20 ಪೌಂಡ್ ಸುಂಕ ಹಾಕುವುದಾಗಿ ಅಲ್ಲಿನ ಸರ್ಕಾರ ಘೋಷಿಸಿದೆ. ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನಂತೂ 2025ರ ಜೂನ್ 1ರಿಂದಲೇ ಅಲ್ಲಿ ನಿಲ್ಲಿಸಲಾಗಿದೆ.

ಚಟ ಬಿಡಿಸುವ ವಿಷಯದಲ್ಲೂ ಅಲ್ಲಿನ ಪುರಾವೆ ಗಟ್ಟಿಯಾದದ್ದೇ. 2019ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ, 886 ಮಂದಿ ಪಾಲ್ಗೊಂಡ ಬ್ರಿಟಿಷ್ ಪ್ರಯೋಗವೊಂದರಲ್ಲಿ, ಒಂದು ವರ್ಷದ ಬಳಿಕ ಸಿಗರೇಟಿನಿಂದ ದೂರ ಉಳಿದವರ ಪ್ರಮಾಣ ಇ-ಸಿಗರೇಟು ಪಡೆದವರಲ್ಲಿ ಶೇ 18, ಜಗಿಯುವ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಮುಂತಾದವನ್ನು ಪಡೆದವರಲ್ಲಿ ಶೇ 9.9 ಇತ್ತು. ಇದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. ಆದರೆ ಆ ಪ್ರಯೋಗದ ಉಳಿದ ವಿವರಗಳನ್ನೂ ಓದಬೇಕು. ಎರಡೂ ಗುಂಪಿನವರು ಸರ್ಕಾರಿ ಆರೋಗ್ಯ ಸೇವೆಯ ಸಲಹಾ ಕೇಂದ್ರಗಳಿಗೆ ಬಂದವರು, ಕನಿಷ್ಠ ನಾಲ್ಕು ವಾರ ವಾರಕ್ಕೊಮ್ಮೆ ಎದುರು ಕೂತು ಸಲಹೆ ಪಡೆದವರು. ಅವರಿಗೆ ಕೊಟ್ಟದ್ದು ನಿಕೋಟಿನ್ ಎಷ್ಟಿದೆಯೆಂದು ಬಾಟಲಿಯ ಮೇಲೆ ನಮೂದಾಗಿದ್ದ, ಕಾನೂನಿನ ಮಿತಿಯೊಳಗಿನ ದ್ರಾವಣ. ಇಷ್ಟಾಗಿಯೂ ಇ-ಸಿಗರೇಟಿನಿಂದ ಸಿಗರೇಟು ಬಿಟ್ಟವರಲ್ಲಿ ಶೇ 80ರಷ್ಟು ಮಂದಿ ವರ್ಷದ ಕೊನೆಯಲ್ಲೂ ಇ-ಸಿಗರೇಟನ್ನು ಸೇದುತ್ತಲೇ ಇದ್ದರು, ಗಮ್ ಮುಂತಾದವುಗಳಿಂದ ಬಿಟ್ಟವರಲ್ಲಿ ಅವನ್ನು ಇನ್ನೂ ಬಳಸುತ್ತಿದ್ದವರು ಶೇ 9 ಮಾತ್ರ. ಖರ್ಚಿನ ಕಣ್ಣಿನಿಂದ ನೋಡುವವರಿಗೆ ಈ ಕೊನೆಯ ಅಂಕಿಯೇ ಮುಖ್ಯ. ಗಮ್‌ನ ಖರ್ಚು ಮೂರು ತಿಂಗಳಿಗೆ ಮುಗಿಯುತ್ತದೆ, ವೇಪ್‌ನ ಖರ್ಚಿಗೆ ಹೆಚ್ಚಿನವರಲ್ಲಿ ಕೊನೆಯೇ ಕಾಣುವುದಿಲ್ಲ.

ಈಗ ಬಳ್ಳಾರಿಗೆ ಬರೋಣ. ಕರ್ನಾಟಕವು 2016ರ ಜೂನ್‌ನಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಅದೇ ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆಯಾಗಿಸಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು ಮತ್ತು ಐದು ಲಕ್ಷದವರೆಗೆ ದಂಡ. ಗೊತ್ತಿದ್ದೂ ತನ್ನ ಜಾಗದಲ್ಲಿ ದಾಸ್ತಾನು ಇಡಲು ಬಿಟ್ಟವನಿಗೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೇದುವ ಕ್ರಿಯೆಯನ್ನೇ ಕಾಯ್ದೆ ಅಪರಾಧವೆಂದು ಹೆಸರಿಸಿಲ್ಲ ಎಂಬುದನ್ನು ಮಾರಾಟಗಾರರು ದೊಡ್ಡದಾಗಿ ಹೇಳುತ್ತಾರೆ. ಸೇದುವವನ ಕೈಗೆ ಅದು ಬರುವ ಪ್ರತಿಯೊಂದು ದಾರಿಯೂ ಅಪರಾಧದ ದಾರಿಯೇ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೊರದೇಶದಿಂದ ಕೊರಿಯರ್‌ನಲ್ಲಿ ತರಿಸಿಕೊಂಡರೆ ಅದು ಆಮದು. ನಾಲ್ಕು ತರಿಸಿ ಗೆಳೆಯರಿಗೆ ಮೂರು ಕೊಟ್ಟರೆ ಅದು ಹಂಚಿಕೆ. ಹೊಲಿಗೆ ಘಟಕದ ಮಾಲೀಕರು ಗೊತ್ತಿದ್ದೂ ಗೋದಾಮಿನ ಮೂಲೆಯಲ್ಲಿ ಒಂದು ಪೆಟ್ಟಿಗೆ ಇಡಲು ಬಿಟ್ಟರೆ ಆ ಹೊಣೆ ಅವರ ತಲೆಗೂ ಬರುತ್ತದೆ.

ಸಿಗರೇಟನ್ನು ಪ್ರತಿ ಪಾನ್ ಅಂಗಡಿಯಲ್ಲಿ ಮಾರಲು ಬಿಟ್ಟು, ಅದಕ್ಕಿಂತ ಕಡಿಮೆ ಹಾನಿಯದು ಎನ್ನಲಾಗುವ ವಸ್ತುವನ್ನು ನಿಷೇಧಿಸಿದ್ದು ಎಂಥ ನ್ಯಾಯ ಎಂದು ಮಾಸ್ಟರ್ ಕೇಳಿದರು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಹೊತ್ತಿ ಉರಿಯುವ ತಂಬಾಕಿನ ಟಾರು, ಕಾರ್ಬನ್ ಮಾನಾಕ್ಸೈಡ್ ವೇಪ್‌ನಲ್ಲಿ ಇರುವುದಿಲ್ಲ ಎಂಬುದು ನಿಜ. ಆದರೆ ಅಮೆರಿಕದಲ್ಲಿ 2019ರ ಹೊತ್ತಿಗೆ ಹೈಸ್ಕೂಲು ಮಕ್ಕಳಲ್ಲಿ ಶೇ 27.5ರಷ್ಟು ಮಂದಿ ಇ-ಸಿಗರೇಟು ಬಳಸುತ್ತಿದ್ದರು. ಅವರಲ್ಲಿ ಬಹಳಷ್ಟು ಮಂದಿ ಯಾವ ಸಿಗರೇಟನ್ನೂ ಬಿಡಲು ಬಂದವರಲ್ಲ. ಬಳ್ಳಾರಿ, ರಾಯಚೂರಿನ ಕಾಲೇಜುಗಳ ಸುತ್ತ ಮಾವಿನ ಹಣ್ಣಿನ, ಪುದೀನದ ವಾಸನೆಯ ವೇಪ್‌ಗಳು ಮುಕ್ತವಾಗಿ ಸಿಗುವಂತಾದರೆ ಅವು ಮೊದಲು ತಲುಪುವುದು ನಲವತ್ತೈದರ ಮಾಸ್ಟರ್‌ಗಲ್ಲ, ಅವರ ಪಿಯುಸಿ ಓದುವ ಮಗನಿಗೆ. ಎರಡನ್ನೂ ತೂಗಿದಾಗ ನಿಷೇಧದ ಪರವಾಗಿಯೇ ನನ್ನ ಮನಸ್ಸು ವಾಲುತ್ತದೆ. ಹಾಗೆಂದು ಸಿಗರೇಟು ಬಿಡಲು ಒದ್ದಾಡುವವನಿಗೆ ಬೇರೆ ಆಸರೆ ಕೊಡದೆ ನಿಷೇಧವನ್ನಷ್ಟೇ ಕೊಡುವುದು ಅರ್ಧ ಕೆಲಸ ಎಂಬುದೂ ಅಷ್ಟೇ ನಿಜ.

ಕದ್ದು ಮಾರುವ ಮಾಲಿನ ಬೆಲೆಯನ್ನು ನೋಡೋಣ. ಮಾಸ್ಟರ್‌ಗೆ ಅವರ ಹುಡುಗರು ತೋರಿಸಿದ್ದು ಬಳಸಿ ಎಸೆಯುವ ಒಂದು ವೇಪ್. ಬೆಲೆ 1,800 ರೂಪಾಯಿ. ಡಬ್ಬಿಯ ಮೇಲೆ 5,000 ಪಫ್ ಎಂದು ಅಚ್ಚಾಗಿತ್ತು. ಒಂದು ಸಿಗರೇಟಿಗೆ ಹತ್ತರಿಂದ ಹದಿನೈದು ದಮ್ಮು ಎಂದು ಹಿಡಿದರೆ ಒಂದೇ ವೇಪ್ ಮುನ್ನೂರಕ್ಕೂ ಹೆಚ್ಚು ಸಿಗರೇಟಿಗೆ ಸಮ, ಅಂದರೆ ತಿಂಗಳಿಗೆ ಒಂದು ಸಾಕು, 4,200 ರೂಪಾಯಿ ಉಳಿತಾಯ ಎಂಬುದು ಹುಡುಗರ ಲೆಕ್ಕ. ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ. ತಪ್ಪಿರುವುದು ಸೇದುವ ರೀತಿಯಲ್ಲಿ. ಸಿಗರೇಟಿಗೆ ಒಂದು ಕೊನೆಯಿದೆ. ಬೆಂಕಿ ಬೆರಳಿನ ಹತ್ತಿರ ಬಂದಾಗ ಎಸೆಯಲೇಬೇಕು, ಇನ್ನೊಂದು ಬೇಕೆಂದರೆ ಎದ್ದು ಅಂಗಡಿಗೆ ಹೋಗಬೇಕು, ದುಡ್ಡು ಕೊಡಬೇಕು. ವೇಪ್‌ಗೆ ಅಂಥ ಕೊನೆಯಿಲ್ಲ. ಕತ್ತರಿಸುವ ಮೇಜಿನ ಪಕ್ಕದಲ್ಲೇ ಇಟ್ಟುಕೊಂಡು, ಬಟ್ಟೆ ಹಾಸುವಾಗ ಎರಡು ದಮ್ಮು, ಮಾರ್ಕ್ ಹಾಕುವಾಗ ಎರಡು ದಮ್ಮು ಎಳೆಯಬಹುದು. ಈ ಸಾಧನಗಳಲ್ಲಿ ಈಚೆಗೆ ಬಳಸುವ ನಿಕೋಟಿನ್ ಲವಣವು ಗಂಟಲಿಗೆ ಉರಿ ತಾಕಿಸದೆ ಹೆಚ್ಚು ನಿಕೋಟಿನ್ ಒಳಗೆ ಬಿಡುವುದರಿಂದ, ಸಾಕು ಎಂದು ದೇಹ ಹೇಳುವ ಮಾತು ತಡವಾಗಿ ಕೇಳಿಸುತ್ತದೆ. ಬ್ರಿಟನ್ ಮತ್ತು ಯುರೋಪಿನಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಮಿತಿಯಿದೆ. ಮಾಸ್ಟರ್ ನೋಡಿದ ಡಬ್ಬಿಯ ಮೇಲೆ ಶೇ 5 ಎಂದಿತ್ತು, ಅಂದರೆ 50 ಮಿಲಿಗ್ರಾಂ. ಅದೂ ನಿಜವೆಂದು ಪರೀಕ್ಷಿಸುವ ಯಾವ ಪ್ರಯೋಗಾಲಯದ ಮುದ್ರೆಯೂ ಆ ಡಬ್ಬಿಯ ಮೇಲೆ ಇರಲಿಲ್ಲ. ದಿನಕ್ಕೆ ಹತ್ತು ಸಿಗರೇಟಿನಷ್ಟು ನಿಕೋಟಿನ್‌ಗೆ ಒಗ್ಗಿದ ದೇಹವನ್ನು ಇಪ್ಪತ್ತರಷ್ಟಕ್ಕೆ ಒಗ್ಗಿಸಿದರೆ ತಿಂಗಳಿಗೊಂದು ಎಂದಿದ್ದದ್ದು ಎರಡಾಗುತ್ತದೆ, ಪೂರೈಕೆ ತಪ್ಪಿದ ವಾರದಲ್ಲಿ ಸಿಗರೇಟೂ ದುಪ್ಪಟ್ಟಾಗುತ್ತದೆ.

ಬೀಡಿ ಸೇದುವವರ ವಿಷಯದಲ್ಲಿ ಈ ಲೆಕ್ಕ ಆರಂಭದಲ್ಲೇ ಮುರಿದುಬೀಳುತ್ತದೆ. ಸಿಗರೇಟಿಗೆ ಶೇ 40 ಆದ ಹೊತ್ತಿನಲ್ಲೇ ಬೀಡಿಯ ಜಿಎಸ್‌ಟಿಯನ್ನು ಶೇ 18ಕ್ಕೆ ಇಳಿಸಲಾಗಿದೆ. ಹಮಾಲರು, ಲಾರಿ ಕ್ಲೀನರ್‌ಗಳು, ಸಂಡೂರಿನ ಗಣಿ ಕೆಲಸದವರು ದಿನಕ್ಕೊಂದು ಕಟ್ಟು ಬೀಡಿ ಸೇದಿದರೂ ತಿಂಗಳಿಗೆ ಒಂದು ವೇಪ್‌ನ ಬೆಲೆ ಮುಟ್ಟುವುದು ಕಷ್ಟ. ಬೀಡಿ ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಿಗರೇಟು ತುಟ್ಟಿಯಾಯಿತೆಂದು ಬೀಡಿಗೆ ಇಳಿಯುವವರು ದುಡ್ಡು ಉಳಿಸಿ ಎದೆಯನ್ನು ಅಡವಿಡುತ್ತಿದ್ದಾರೆ.

ಖರ್ಚು ತಗ್ಗಿಸಲು ಜನ ಹುಡುಕಿಕೊಳ್ಳುವ ಉಪಾಯಗಳು ಇನ್ನೂ ಕಳವಳಕಾರಿ. ವೇಪ್ ಒಳಗಿರುವುದು ಒಂದು ಲಿಥಿಯಂ ಬ್ಯಾಟರಿ, ಒಂದು ಕಾಯಿಲ್, ಅದಕ್ಕೆ ಸುತ್ತಿದ ಹತ್ತಿ, ಆ ಹತ್ತಿ ಹೀರಿಕೊಳ್ಳುವ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳದ ದ್ರಾವಣ. ಕಾಯಿಲ್ ಒಂದೆರಡು ವಾರದಲ್ಲಿ ಸವೆಯುತ್ತದೆ. ಬದಲಿ ಕಾಯಿಲ್ ಅಂಗಡಿಯಲ್ಲಿ ಸಿಗದ ನಮ್ಮಲ್ಲಿ, ಸುಟ್ಟ ವಾಸನೆ ಬಂದರೂ ಅದನ್ನೇ ಎಳೆಯುತ್ತಾರೆ. ಹತ್ತಿ ಒಣಗಿ ಕಾಯಿಲ್ ಅತಿಯಾಗಿ ಕಾದಾಗ ದ್ರಾವಣ ಒಡೆದು ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹೆಚ್ಚುತ್ತವೆ. ದ್ರಾವಣವನ್ನು ಮನೆಯಲ್ಲೇ ಬೆರೆಸಿಕೊಂಡರೆ ಅಗ್ಗ ಎಂದು ಗಾಢ ನಿಕೋಟಿನ್ ತರಿಸಿಕೊಳ್ಳುವವರಿದ್ದಾರೆ. ಅದು ಚರ್ಮದ ಮೂಲಕವೂ ಒಳಗಿಳಿಯುವ ವಿಷ. ಅಡುಗೆಮನೆಯ ಕಪಾಟಿನಲ್ಲಿಟ್ಟ ಆ ಬಾಟಲಿಯಿಂದ ಮಗು ಒಂದು ಗುಟುಕು ಕುಡಿದರೂ ಪ್ರಾಣಕ್ಕೆ ಅಪಾಯ. 2019ರಿಂದ 2020ರ ಫೆಬ್ರುವರಿಯವರೆಗೆ ಅಮೆರಿಕದಲ್ಲಿ ವೇಪ್‌ನಿಂದ ಶ್ವಾಸಕೋಶ ಕೆಟ್ಟು 2,807 ಮಂದಿ ಆಸ್ಪತ್ರೆ ಸೇರಿದರು ಅಥವಾ ಸತ್ತರು, ಸತ್ತವರೇ 68 ಮಂದಿ. ಅದಕ್ಕೆ ಮುಖ್ಯ ಕಾರಣ ಗಾಂಜಾದ ಸತ್ವದ ದ್ರಾವಣಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂದು ತಿಳಿದುಬಂತು. ಆ ಮಾಲು ಬಂದದ್ದೂ ಹೆಚ್ಚಾಗಿ ಕಳ್ಳ ಮಾರುಕಟ್ಟೆಯಿಂದಲೇ. ನಿಕೋಟಿನ್ ವೇಪ್‌ಗಳೆಲ್ಲ ಹಾಗೆ ಕೊಲ್ಲುತ್ತವೆ ಎಂದು ಇದರಿಂದ ಹೇಳಲಾಗದು. ಆದರೆ ಒಳಗೇನಿದೆ ಎಂದು ಯಾರೂ ಹೊಣೆ ಹೊರದ ದ್ರಾವಣವನ್ನು ಕಾಯಿಸಿ ಎದೆಗೆ ಎಳೆದುಕೊಂಡರೆ ಏನಾಗಬಹುದು ಎಂಬುದಕ್ಕೆ ಅದು ಸಾಕಷ್ಟು ಸಾಕ್ಷಿ. ಇದರ ಜೊತೆಗೆ ನಮ್ಮೂರ ಬಿಸಿಲು. ಏಪ್ರಿಲ್ ಮಧ್ಯಾಹ್ನ 42 ಡಿಗ್ರಿ ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯೊಳಗೆ ಗುಣಮಟ್ಟದ ಖಾತರಿಯಿಲ್ಲದ ಲಿಥಿಯಂ ಬ್ಯಾಟರಿಯನ್ನು ಇಡುವುದು, ಅದೂ ಪೆಟ್ರೋಲ್ ಟ್ಯಾಂಕಿನ ಪಕ್ಕ, ಯಾವ ಉಳಿತಾಯಕ್ಕೂ ತಕ್ಕದ್ದಲ್ಲ.

ಬಹಳ ಮಂದಿ ಮಾಡುವುದು ಪೂರ್ತಿ ಬದಲಾವಣೆಯನ್ನೂ ಅಲ್ಲ. ಕೆಲಸದ ಜಾಗದಲ್ಲಿ ವೇಪ್, ಸಂಜೆ ಚಹಾದ ಜೊತೆ ಎರಡು ಸಿಗರೇಟು. ಹತ್ತರಿಂದ ಎರಡಕ್ಕೆ ಇಳಿಸಿದೆನಲ್ಲ ಎಂಬ ಸಮಾಧಾನ ಅವರದು. ಕ್ಯಾನ್ಸರಿನ ಲೆಕ್ಕದಲ್ಲಿ ಕಡಿಮೆ ಮಾಡಿದ್ದಕ್ಕೆ ಒಂದಿಷ್ಟು ಬೆಲೆಯಿರಬಹುದು, ಹೃದಯದ ಲೆಕ್ಕ ಹಾಗಿಲ್ಲ. 2018ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ವಿಶ್ಲೇಷಣೆಯೊಂದರ ಪ್ರಕಾರ, ದಿನಕ್ಕೆ 20 ಸಿಗರೇಟು ಸೇದುವವನಿಗೆ ಹೃದಯರೋಗದ ಅಪಾಯ ಎಷ್ಟು ಹೆಚ್ಚುತ್ತದೆಯೋ ಅದರ ಅರ್ಧದ ಸಮೀಪದಷ್ಟು ಅಪಾಯ ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ ಇರುತ್ತದೆ. ಉಳಿದ ಆ ಎರಡು ಸಿಗರೇಟಿನ ಹಣವೂ ಉಳಿಯಲಿಲ್ಲ, ಹೃದಯವೂ ಉಳಿಯಲಿಲ್ಲ, ಮೇಲೊಂದು ವೇಪ್‌ನ ಖರ್ಚು ಸೇರಿತು. ಗಣಿಯ ಧೂಳು, ಸ್ಪಂಜ್ ಐರನ್ ಕಾರ್ಖಾನೆಯ ಮಸಿ, ಹತ್ತಿಯ ಎಳೆ ಇವೆಲ್ಲ ಮೊದಲೇ ಎದೆಗೆ ಇಳಿಯುತ್ತಿರುವ ಬಳ್ಳಾರಿ, ಕೊಪ್ಪಳದ ದುಡಿಯುವ ಜನಕ್ಕೆ ಈ ಅರ್ಧಂಬರ್ಧ ದಾರಿ ದುಬಾರಿಯದು.

ಹಾಗಿದ್ದರೆ ಅಗ್ಗದ ದಾರಿ ಯಾವುದು? ನಾನು ಮಾಸ್ಟರ್ ಪುಸ್ತಕದ ಅದೇ ಹಾಳೆಯ ಮೇಲೆ ಇನ್ನೊಂದು ಲೆಕ್ಕ ಬರೆದೆ. ನಿಕೋಟಿನ್ ಗಮ್ ಕಾನೂನುಬದ್ಧ ಔಷಧ. ಔಷಧ ಕಾಯ್ದೆಯಡಿ ಪರವಾನಗಿ ಪಡೆದ ಉತ್ಪನ್ನಗಳನ್ನು 2019ರ ನಿಷೇಧದಿಂದ ಹೊರಗಿಡಲಾಗಿದೆ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ. 2 ಮಿಲಿಗ್ರಾಂ ಗಮ್ ಯಾವುದೇ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಒಂದಕ್ಕೆ 12 ರೂಪಾಯಿ ಎಂದು ಹಿಡಿಯೋಣ. ಮೊದಲ ಆರು ವಾರ ದಿನಕ್ಕೆ ಹತ್ತು, ಮುಂದಿನ ಮೂರು ವಾರ ದಿನಕ್ಕೆ ಐದು, ಕೊನೆಯ ಮೂರು ವಾರ ದಿನಕ್ಕೆ ಮೂರು ಎಂದರೆ ಒಟ್ಟು 588 ಗಮ್, 7,056 ರೂಪಾಯಿ. ಅದೇ ಹನ್ನೆರಡು ವಾರದಲ್ಲಿ ಸಿಗರೇಟಿಗೆ ಹೋಗುತ್ತಿದ್ದದ್ದು 16,800 ರೂಪಾಯಿ. ಮೂರು ತಿಂಗಳೊಳಗೆ 9,744 ರೂಪಾಯಿ ಉಳಿಯುತ್ತದೆ, ಹದಿಮೂರನೇ ವಾರದಿಂದ ಖರ್ಚೇ ಇಲ್ಲ. ವೇಪ್‌ನ ಯಾವ ಲೆಕ್ಕವೂ ಈ ಸೊನ್ನೆಯನ್ನು ಮುಟ್ಟುವುದಿಲ್ಲ.

ಆದರೆ ಗಮ್ ಕೊಂಡರೆ ಸಾಲದು, ಜಗಿಯುವುದು ಗೊತ್ತಿರಬೇಕು. ಮಾಸ್ಟರ್ ಮೊದಲ ದಿನ ಅದನ್ನು ಮಕ್ಕಳ ಚೂಯಿಂಗ್ ಗಮ್ಮಿನಂತೆ ಕಚಪಚ ಜಗಿದು, ಬಿಕ್ಕಳಿಕೆ ಹತ್ತಿ, ಹೊಟ್ಟೆ ಉರಿದು, ‘ಇದು ನಮಗ ಆಗಂಗಿಲ್ರಿ’ ಎಂದು ಕೈಬಿಡುವ ಹಂತಕ್ಕೆ ಬಂದಿದ್ದರು. ಅದನ್ನು ನಿಧಾನವಾಗಿ ನಾಲ್ಕಾರು ಸಲ ಜಗಿದು, ಮೆಣಸಿನಂಥ ಖಾರ ನಾಲಿಗೆಗೆ ತಾಗಿದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಬೇಕು. ಖಾರ ಕುಂದಿದಾಗ ಮತ್ತೆ ಒಂದೆರಡು ಸಲ ಜಗಿದು ಇನ್ನೊಂದು ಬದಿಗೆ ಇಡಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಚರ್ಮದಿಂದ ರಕ್ತಕ್ಕೆ ಹೋಗಬೇಕೇ ಹೊರತು ಉಗುಳಿನೊಡನೆ ಹೊಟ್ಟೆಗಲ್ಲ. ಗುಟ್ಕಾ, ಖೈನಿ ಕೆನ್ನೆಗಿಟ್ಟು ಅಭ್ಯಾಸವಿರುವ ನಮ್ಮ ಭಾಗದವರಿಗೆ ಈ ಕೆನ್ನೆಯ ವಿದ್ಯೆ ಹೊಸದೇನಲ್ಲ. ಹಾಗೆಂದು ಹೇಳಿದಾಗ ಮಾಸ್ಟರ್‌ಗೆ ತಟ್ಟನೆ ಅರ್ಥವಾಯಿತು. ಚಹಾ, ಕಾಫಿ, ತಂಪು ಪಾನೀಯ ಕುಡಿದ ಹದಿನೈದು ನಿಮಿಷದೊಳಗೆ ಗಮ್ ಹಾಕಿಕೊಂಡರೆ ಅದು ಸರಿಯಾಗಿ ಹೀರುವುದಿಲ್ಲ. ಚಹಾದಂಗಡಿಯಲ್ಲೇ ಸಿಗರೇಟಿನ ನೆನಪು ಬಲವಾಗಿ ಬರುವುದರಿಂದ ಚಹಾಕ್ಕೆ ಹೋಗುವ ಹೊತ್ತನ್ನೇ ಬದಲಿಸಬೇಕಾಗುತ್ತದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 2 ಮಿಲಿಗ್ರಾಂ ಸಾಲದೆ 4 ಮಿಲಿಗ್ರಾಂ ಬೇಕಾಗಬಹುದು, ಅದಕ್ಕೆ ವೈದ್ಯರ ಚೀಟಿ ಬೇಕು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಸಿಗರೇಟು ಬಿಡಿಸುವ ವ್ಯಾರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆಗಳೂ ಇವೆ, ಅವು ವೈದ್ಯರ ನಿಗಾದಲ್ಲೇ ಆಗಬೇಕು.

ಬಿಟ್ಟ ಮೊದಲ ವಾರವೇ ಅತಿ ಕಷ್ಟದ್ದು. ಸೇದಬೇಕೆಂಬ ತುಡಿತ ಎದ್ದಾಗ ಅದು ಸಾಮಾನ್ಯವಾಗಿ ಐದು ನಿಮಿಷದಷ್ಟು ಹೊತ್ತಿನಲ್ಲಿ ಇಳಿಯುತ್ತದೆ. ಆ ಐದು ನಿಮಿಷಕ್ಕೆ ಒಬ್ಬ ಮನುಷ್ಯ ಬೇಕು. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್‌ನ ಸಂಖ್ಯೆ 1800-112-356, ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಈ ಸಂಖ್ಯೆ ಪ್ರತಿ ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿದೆ. ಆದರೆ ಪಾನ್ ಅಂಗಡಿಯಲ್ಲಿ ಬಿಡಿ ಸಿಗರೇಟು ಕೊಂಡು ಅಲ್ಲೇ ತೂಗುಬಿಟ್ಟ ಲೈಟರಿನಲ್ಲಿ ಹಚ್ಚಿಕೊಳ್ಳುವವನಿಗೆ ಪ್ಯಾಕ್ ಕಾಣುವುದೇ ಇಲ್ಲ. ಬಿಡಿ ಮಾರಾಟವನ್ನು ನಿಷೇಧಿಸಿ, ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ, ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ ದಂಡವನ್ನು 200ರಿಂದ 1,000 ರೂಪಾಯಿಗೆ ಹೆಚ್ಚಿಸಿದ ಕರ್ನಾಟಕದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದಿದೆ. ಮಾಸ್ಟರ್ ಮಾತ್ರ ಆ ಸಂಖ್ಯೆಯನ್ನು ಮೊದಲು ನೋಡಿದ್ದು ನಾನು ಬರೆದುಕೊಟ್ಟಾಗ.

ಈ ಜಿಲ್ಲೆಯ ಕೈಯಲ್ಲಿರುವ ಹಣವನ್ನೂ ಈ ಲೆಕ್ಕಕ್ಕೆ ತರಬೇಕು. 2015ರ ಗಣಿ ಕಾನೂನಿನ ತಿದ್ದುಪಡಿಯಿಂದ ಬಂದ, ಗಣಿ ಗುತ್ತಿಗೆದಾರರ ವಂತಿಗೆಯಿಂದ ತುಂಬುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಆರೋಗ್ಯವು ಆದ್ಯತೆಯ ಬಾಬತ್ತು, ಮತ್ತು ಬಳ್ಳಾರಿಯಷ್ಟು ಅದಿರು ಅಗೆದ ಜಿಲ್ಲೆಗಳು ದೇಶದಲ್ಲಿ ಕಡಿಮೆ. ಒಬ್ಬ ಕಾರ್ಮಿಕನ ಹನ್ನೆರಡು ವಾರದ ಗಮ್‌ಗೆ ಅಂಗಡಿ ಬೆಲೆಯಲ್ಲೇ 7,056 ರೂಪಾಯಿ ಆಗುತ್ತದೆ ಎಂದಾದರೆ, ಸರ್ಕಾರ ಸಗಟಾಗಿ ಕೊಂಡಾಗ ಅದು ಇನ್ನೂ ಇಳಿಯುತ್ತದೆ. ಗಣಿ ಧೂಳಿನಲ್ಲಿ ದುಡಿದು ಉಬ್ಬಸ ಹತ್ತಿದವನಿಗೆ ಮುಂದೆ ಕೊಡಬೇಕಾದ ಇನ್‌ಹೇಲರ್, ಆಮ್ಲಜನಕ, ಆಸ್ಪತ್ರೆ ಹಾಸಿಗೆಯ ಖರ್ಚಿನ ಎದುರು ಇದು ಏನೂ ಅಲ್ಲ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿವೆ. ಆದರೆ ಸಂಡೂರಿನ ಗಣಿಯಲ್ಲಿ ಎರಡನೇ ಪಾಳಿ ಮುಗಿಸಿದವನು ಗಮ್‌ಗಾಗಿ ಒಂದು ದಿನದ ಕೂಲಿ ಬಿಟ್ಟು ಬಳ್ಳಾರಿಗೆ ಬಸ್ಸು ಹತ್ತುವುದಿಲ್ಲ, ಅವನು ಊರಿನ ಪಾನ್ ಅಂಗಡಿಗೇ ಹೋಗುತ್ತಾನೆ. ಸಂಡೂರು, ಸಿರುಗುಪ್ಪ, ಕಂಪ್ಲಿ, ಕುರುಗೋಡಿನ ಸರ್ಕಾರಿ ಆಸ್ಪತ್ರೆಗಳ ಔಷಧ ಕೌಂಟರಿನಲ್ಲಿ ಜ್ವರದ ಮಾತ್ರೆಯ ಪಕ್ಕದಲ್ಲೇ ಈ ಗಮ್ ಪುಕ್ಕಟೆ ಸಿಗಬೇಕು, ಅದನ್ನು ಹೇಗೆ ಜಗಿಯಬೇಕೆಂದು ಹೇಳಿಕೊಡಲು ಐದು ನಿಮಿಷ ಬಿಡುವಿರುವ ಒಬ್ಬ ಸಿಬ್ಬಂದಿ ಅಲ್ಲಿರಬೇಕು. ಖನಿಜ ನಿಧಿಯ ಮುಂದಿನ ಕ್ರಿಯಾಯೋಜನೆಗೆ ಈ ಒಂದು ಸಾಲನ್ನು ಸೇರಿಸುವಂತೆ ನಮ್ಮ ಶಾಸಕರನ್ನು, ಜಿಲ್ಲಾಧಿಕಾರಿಗಳನ್ನು ಲಿಖಿತವಾಗಿ ಕೇಳಬಹುದು. ಮಾಸ್ಟರ್ ಹೊಲಿಗೆ ಘಟಕದ ಹದಿನಾಲ್ಕು ಹುಡುಗರ ಸಹಿಯೊಂದಿಗೆ ಅಂಥದೊಂದು ಅರ್ಜಿಯನ್ನು ಈಗ ಬರೆಸುತ್ತಿದ್ದಾರೆ.